ಬುಟ್ಟಿ ಹೊತ್ತ ತಾಯಂದಿರೂ ಮಠದ ನೆಲಬಾಡಿಗೆಯೂ

(ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಮಠದ ಕಾರ್ಯದರ್ಶಿಗಳು ಮಾಡಿದ ಪ್ರವಚನದ ಬರಹರೂಪ)



ಈ ತಿಂಗಳ ಗೋಷ್ಠಿಯಲ್ಲಿ ನಾವೇ ಮಾತನಾಡಬೇಕೆಂದು ಪರಮಪೂಜ್ಯ ಅಪ್ಪಗಳ ಅಪ್ಪಣೆಯಾಗಿದೆ. ನಾವು ಪ್ರವಚನಕಾರರಲ್ಲ. ಓದಿದ್ದು ಬಿ.ಕಾಂ., ಮಾಡುವುದು ಮಠದ ಜಮಾ-ಖರ್ಚು. ಆದುದರಿಂದ ಇಂದಿನ ಮಾತೂ ಕಿರ್ದಿ ಪುಸ್ತಕದಿಂದಲೇ ಹೊರಡುತ್ತದೆ. ಶಾಸ್ತ್ರದಲ್ಲಿ ತಪ್ಪು ಕಂಡರೆ ಹಿರಿಯರು ತಿದ್ದಬೇಕು; ಲೆಕ್ಕದಲ್ಲಿ ತಪ್ಪು ಕಂಡರೆ ಯಾರು ಬೇಕಾದರೂ ತಿದ್ದಬಹುದು.

ನಮ್ಮ ಕಿರ್ದಿಯಲ್ಲಿ ಪ್ರತಿ ವರ್ಷ ಜಾತ್ರೆಯ ತಿಂಗಳಲ್ಲಿ ಒಂದು ಸಾಲು ಬರುತ್ತಿತ್ತು: 'ಜಾತ್ರಾ ನೆಲಬಾಡಿಗೆ ಬಾಬತ್ತು ಜಮಾ'. ಮಹಾದ್ವಾರದಿಂದ ಡಾಂಬರು ರಸ್ತೆಯವರೆಗಿನ ಬಯಲನ್ನು ಜಾತ್ರೆಯ ದಿನಗಳಿಗೆ ಲಿಲಾವು ಮಾಡುತ್ತಿದ್ದೆವು. ಲಿಲಾವು ಹಿಡಿದ ಗುತ್ತಿಗೆದಾರರು ಒಂದೇ ಗಂಟಿನಲ್ಲಿ ಹಣ ಕಟ್ಟುತ್ತಿದ್ದರು, ನಾವು ಒಂದೇ ಸಾಲಿನಲ್ಲಿ ಬರೆಯುತ್ತಿದ್ದೆವು. ಆ ಹಣವನ್ನು ಅವರು ಯಾರಿಂದ, ಎಷ್ಟೆಷ್ಟು, ಯಾವ ರೀತಿಯಿಂದ ವಸೂಲು ಮಾಡುತ್ತಾರೆಂಬುದು ನಮ್ಮ ಪುಸ್ತಕದ ವಿಷಯವಾಗಿರಲಿಲ್ಲ. ಒಂಬತ್ತು ವರ್ಷ ಆ ಸಾಲನ್ನು ನಾವು ಬಹಳ ಅಂದವಾದ ಅಕ್ಷರದಲ್ಲಿ ಬರೆದಿದ್ದೇವೆ.

2023ರ ಜಾತ್ರೆಯ ಮೂರನೆಯ ದಿನ ಮಧ್ಯಾಹ್ನ, ದಾಸೋಹದ ಪಂಕ್ತಿ ಏಳುವ ಹೊತ್ತಿಗೆ, ಒಬ್ಬ ತಾಯಿ ಕಚೇರಿಯ ಬಾಗಿಲಿಗೆ ಬಂದರು. ಐವತ್ತು ದಾಟಿದ ವಯಸ್ಸು. ಉಳಿದ ದಿನಗಳಲ್ಲಿ ಹತ್ತಿರದ ಪಟ್ಟಣದಲ್ಲಿ ಕಾಯಿಪಲ್ಲೆ ಮಾರುವವರು, ಜಾತ್ರೆಗೆ ಬಾರಿಹಣ್ಣು, ಪೇರಲ ಹಣ್ಣಿನ ಬುಟ್ಟಿ ತಂದು ಕೂಡುವವರು. ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಹೇಳಿದರು: "ಸಾಹೇಬ್ರ, ಮುಂಜಾನೆ ಐವತ್ತು ಕೊಟ್ಟೀನ್ರಿ. ಈಗ ಮತ್ತ ಕೇಳಾಕ ಹತ್ಯಾರ. ಪಾವತಿ ಕೊಡ್ರಿ ಅಂದದ್ದಕ್ಕ ತಕ್ಕಡಿ ಒಯ್ದಾರ. ತಕ್ಕಡಿ ಇಲ್ದ ಹೆಂಗ ತೂಗ್ಲಿ?"

ನಾವು, ಅದು ಗುತ್ತಿಗೆದಾರರ ಕಾರಭಾರ, ಮಠಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆವು. ಆ ತಾಯಿ ಕೇಳಿದರು: "ನೆಲ ಯಾರದ್ರಿ?" ಮಠದ್ದು ಎಂದೆವು. "ಹಂಗಾದ್ರ ನನ್ನ ತಕ್ಕಡಿ ನಿಮ್ಮ ಕೈಯಾಗ ಐತಿ ಅಂದಂಗಾತಲ್ರಿ."

ವಾಣಿಜ್ಯಶಾಸ್ತ್ರದಲ್ಲಿ ಏಜೆಂಟನು ಮಾಡಿದ ಕೆಲಸಕ್ಕೆ ಅವನನ್ನು ನೇಮಿಸಿದವನೇ ಹೊಣೆ ಎಂಬ ಪಾಠವನ್ನು ನಾವು ಓದಿ ಪರೀಕ್ಷೆ ಬರೆದು ಪಾಸಾದವರು. ಅದನ್ನು ಓದದವರೊಬ್ಬರು ಬಂದು ನೆನಪಿಸಬೇಕಾಯಿತು. ತಕ್ಕಡಿ ಅಂದೇ ತಿರುಗಿ ಬಂತು. ಆದರೆ ಆ ಮಾತು ಕಚೇರಿಯ ಬಾಗಿಲಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ನಾವು ಪಟ್ಟಣಕ್ಕೆ ಹೋದಾಗಲೆಲ್ಲ ಆ ತಾಯಿಯ ಹತ್ತಿರವೇ ಪಲ್ಲೆ ಕೊಳ್ಳತೊಡಗಿದೆವು. ನಮಗೆ ಹೇಳದ ಸಂಗತಿಗಳನ್ನು ಅವರು ನಮ್ಮ ಮನೆಯವರಿಗೆ ಹೇಳಿದರು. ನಸುಕಿನ ಮೂರೂವರೆಗೆ ಎದ್ದು ರೊಟ್ಟಿ ಬಡಿದಿಟ್ಟು, ಐದಕ್ಕೆ ಮಾರ್ಕೆಟ್ ಯಾರ್ಡಿನಲ್ಲಿ ಅಡತಿಯವರ ಮುಂದೆ ನಿಲ್ಲಬೇಕು. ತಡವಾದರೆ ಉಳಿದದ್ದು ಬಾಡಿದ ಮಾಲು. ಏಳಕ್ಕೆ ರಸ್ತೆಯ ಬದಿಗೆ ತಾಟು ಹಾಸಿದರೆ ರಾತ್ರಿ ಏಳೂವರೆ, ಎಂಟರವರೆಗೆ ಅದೇ ಜಾಗ. ನಮ್ಮ ಸೀಮೆಯ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ಮೆಂತ್ಯೆ, ಕೊತ್ತಂಬರಿಗೆ ಹಸಿ ಅರಿವೆ ಹೊದಿಸುತ್ತಾರೆ. ತಮ್ಮ ತಲೆಗೆ ಸೆರಗು ಮಾತ್ರ.

ಕೊತ್ತಂಬರಿಗೆ ನೀರು ಚಿಮುಕಿಸುವ ಆ ತಾಯಿ ತಾವು ನೀರು ಕುಡಿಯುವುದಿಲ್ಲ. ಮುಂಜಾನೆ ಒಂದು ಚಹಾ ಕುಡಿದರೆ ಸಂಜೆಯವರೆಗೆ ಗಂಟಲು ಒಣಗಿದರೂ ತಡೆದುಕೊಳ್ಳುತ್ತಾರೆ. ಏಕೆಂದರೆ ಹೋಗಲು ಜಾಗವಿಲ್ಲ. ಗಂಡಸರಿಗೆ ಯಾವುದೋ ಗೋಡೆ ಸಿಗುತ್ತದೆ. ಹೆಂಗಸರು ಖಾನಾವಳಿಯಲ್ಲಿ ಚಹಾ ತೆಗೆದುಕೊಂಡರೆ ಮಾತ್ರ ಹಿತ್ತಲಿಗೆ ಬಿಡುತ್ತಾರೆ. ಅಷ್ಟರೊಳಗೆ ಬುಟ್ಟಿ ಕಾಯುವವರು ಯಾರು? ಹೀಗೆ ವರ್ಷಗಟ್ಟಲೆ ತಡೆದು ಉರಿಮೂತ್ರದ ಬೇನೆ ಹತ್ತಿಸಿಕೊಂಡವರು ಆ ಸಾಲಿನಲ್ಲಿ ಒಬ್ಬರಲ್ಲ. ಇದನ್ನೆಲ್ಲ ಮಠದ ಪತ್ರಿಕೆಯಲ್ಲಿ ಅಚ್ಚು ಹಾಕುವುದು ಸರಿಯೇ ಎಂದು ನಮ್ಮವರೊಬ್ಬರು ಕೇಳಿದರು. ಶರಣ ಬಂಧುಗಳೇ, ಶರಣರು ದೇಹವನ್ನೇ ದೇಗುಲವೆಂದರು. ದೇಗುಲದ ಬೇನೆಯನ್ನು ಮಠದ ಪತ್ರಿಕೆಯಲ್ಲಿ ಬರೆಯದೆ ಮತ್ತೆಲ್ಲಿ ಬರೆಯಬೇಕು?

ಇನ್ನು ನಮ್ಮ ವಿಷಯಕ್ಕೆ, ಎಂದರೆ ಲೆಕ್ಕಕ್ಕೆ ಬರೋಣ. ಆ ತಾಯಿಯ ಒಂದು ದಿನದ ಜಮಾ-ಖರ್ಚನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡೆವು. ನಸುಕಿನಲ್ಲಿ ಸಾವುಕಾರನಿಂದ 1,000 ರೂಪಾಯಿ ಸಾಲ. ಕೈಗೆ ಬರುವುದು 900, ನೂರು ಮೊದಲೇ ಮುರಿದುಕೊಂಡಿರುತ್ತಾನೆ. ಅದರಲ್ಲಿ 800ರ ಮಾಲು, 50 ಟಮ್‌ಟಮ್ಮಿಗೆ, 50 ಕೂಡುವ ಜಾಗಕ್ಕೆ. ಒಳ್ಳೆಯ ದಿನವಾದರೆ ಸಂಜೆಗೆ 1,300 ರೂಪಾಯಿ ವ್ಯಾಪಾರ. ಅದರಲ್ಲಿ ಸಾವುಕಾರನ 1,000 ಹೋಯಿತು. ತಿರುಗಿ ಬರುವ ಗಾಡಿಗೆ 50, ಚಹಾಕ್ಕೆ 20. ಮನೆಗೆ ಮುಟ್ಟಿದ್ದು 230 ರೂಪಾಯಿ. ಹದಿನಾರು ತಾಸು ಮೈ ಮುರಿದ ತಾಯಿಗೆ 230. ಕೂತಲ್ಲೇ ಕೂತವನಿಗೆ 100.

ವರ್ಷದಲ್ಲಿ 300 ದಿನ ಹೀಗೆ ನಡೆಯಿತೆಂದು ಹಿಡಿಯಿರಿ. ಬಡ್ಡಿಯೆಂದು ಹೋಗುವ ಹಣ 30,000 ರೂಪಾಯಿ. ಅಸಲು ಎಷ್ಟು? ಅದೇ 900 ರೂಪಾಯಿ! ನಾವು ಬ್ಯಾಂಕಿನ ಬಡ್ಡಿ, ಸಹಕಾರಿ ಸಂಘದ ಬಡ್ಡಿ, ಚಕ್ರಬಡ್ಡಿ ಎಲ್ಲವನ್ನೂ ಲೆಕ್ಕ ಹಾಕಿದವರು. ಇಂಥದನ್ನು ಪಠ್ಯಪುಸ್ತಕದಲ್ಲಿ ಕಂಡಿರಲಿಲ್ಲ. ತಮಿಳುನಾಡಿನಲ್ಲಿ ದಿನದ ಬಡ್ಡಿ, ತಾಸಿನ ಬಡ್ಡಿ, ಕಂದುವಟ್ಟಿ, ಮೀಟರ್ ಬಡ್ಡಿ ಎಂದು ಇವಕ್ಕೆ ಹೆಸರುಗಳೇ ಇವೆ. 2003ರಲ್ಲಿ ಅಲ್ಲಿನ ಸರ್ಕಾರ ಆ ಹೆಸರುಗಳನ್ನೇ ಎತ್ತಿ ಹೇಳಿ ನಿಷೇಧಿಸುವ ಕಾನೂನು ತಂದಿದೆ. ತಾಳವಾಡಿ, ಹೊಸೂರು ಕಡೆಯ ಭಕ್ತರು ಇದನ್ನು ಅರಿತಿರಬೇಕು.

ನಾವು ಆ ತಾಯಿಗೆ ಬುದ್ಧಿ ಹೇಳಲು ಹೋದೆವು. ಒಂಬತ್ತು ದಿನ ದಿನಕ್ಕೆ ನೂರರಂತೆ ತೆಗೆದಿಟ್ಟರೆ 900 ಕೂಡುತ್ತದೆ, ಹತ್ತನೆಯ ದಿನದಿಂದ ಸಾವುಕಾರನ ಮುಖ ನೋಡಬೇಕಾಗಿಲ್ಲ ಎಂದೆವು. ಲೆಕ್ಕ ಸರಿಯಾಗಿಯೇ ಇತ್ತು. ಅವರು ನಕ್ಕು, "ಖರೇ ಐತ್ರಿ. ಆದ್ರ ಆ ಒಂಬತ್ತು ದಿನದಾಗ ಮಳಿ ಬರಬಾರದು, ಮೊಮ್ಮಗಗ ಜ್ವರ ಬರಬಾರದು, ಗಾಡಿ ಬರಬಾರದು" ಎಂದರು.

ಗಾಡಿ ಎಂದರೆ ಅತಿಕ್ರಮಣ ತೆಗೆಯುವ ಗಾಡಿ. ಅದು ಬಂದ ದಿನ ಬುಟ್ಟಿ, ತಕ್ಕಡಿ, ಮಾಲು ಎಲ್ಲ ಒಟ್ಟಿಗೆ ಏರುತ್ತವೆ. ಸಾವುಕಾರನ 1,000 ಮಾತ್ರ ನೆಲದ ಮೇಲೆಯೇ ಉಳಿಯುತ್ತದೆ, ಮರುದಿನಕ್ಕೆ.

ಇಲ್ಲಿ ಪಿಟ್ಟವ್ವೆಯ ಕಥೆಯನ್ನು ನೆನೆಯಬೇಕು. ನಮ್ಮ ಶರಣರು ಭಕ್ತಿಯಿಂದ ನೆನೆದ ಹೆಸರು ಅದು. ತಮಿಳು ಸೀಮೆಯಲ್ಲಿ ಆಕೆಯನ್ನು ವಂದಿ ಎನ್ನುತ್ತಾರೆ. ಮಧುರೆಯಲ್ಲಿ ಆವಣಿ ಮಾಸದಲ್ಲಿ ಪಿಟ್ಟಿನ ಉತ್ಸವ ಇಂದಿಗೂ ನಡೆಯುತ್ತದೆ. ಪಿಟ್ಟು ಬೇಯಿಸಿ ಮಾರಿ ಬದುಕುವ ಒಂಟಿ ಮುದುಕಿ. ವೈಗೈ ಹೊಳೆ ಉಕ್ಕಿ ದಡ ಒಡೆಯಿತು. ಮನೆಗೊಬ್ಬ ಆಳು ಬಂದು ತನ್ನ ಪಾಲಿನ ದಡಕ್ಕೆ ಮಣ್ಣು ಹಾಕಬೇಕೆಂದು ಪಾಂಡ್ಯರಾಜನ ಆಜ್ಞೆಯಾಯಿತು. ಮುದುಕಿಗೆ ಯಾರೂ ಇಲ್ಲ. ಆಗ ಶಿವನೇ ಕೂಲಿಯಾಳಾಗಿ ಬಂದ. ಪುಡಿಯಾದ ಪಿಟ್ಟು ಕೊಟ್ಟರೆ ಸಾಕು ಎಂದ. ಅಂದು ಮಾಡಿದ ಪಿಟ್ಟೆಲ್ಲ ಪುಡಿಯಾಗಿಯೇ ಬಂತಂತೆ. ತಿಂದ, ಕುಣಿದ, ಮಲಗಿದ, ಕೆಲಸ ಮಾತ್ರ ಮಾಡಲಿಲ್ಲ. ಸಿಟ್ಟಾದ ರಾಜ ಬೆತ್ತದಿಂದ ಹೊಡೆದ. ಆ ಏಟು ರಾಜನ ಬೆನ್ನಿಗೂ ಬಿತ್ತು, ರಾಣಿಯ ಬೆನ್ನಿಗೂ ಬಿತ್ತು, ಲೋಕದ ಸಕಲ ಜೀವಿಗಳ ಬೆನ್ನಿಗೂ ಬಿತ್ತು.

ಪ್ರವಚನಕಾರರು ಶಿವನ ಲೀಲೆಯನ್ನು ವರ್ಣಿಸುವುದರಲ್ಲಿ ತನ್ಮಯರಾಗುತ್ತಾರೆ, ಅದು ಸರಿಯೇ. ಲೆಕ್ಕದವರಾದ ನಮ್ಮ ಕಣ್ಣು ಮಾತ್ರ ಕಥೆಯ ಮೊದಲಿನ ಭಾಗದಲ್ಲೇ ನಿಲ್ಲುತ್ತದೆ. ನಾಲ್ಕು ಗಂಡುಮಕ್ಕಳಿದ್ದ ಮನೆಗೂ ಒಂದೇ ಪಾಲು, ಯಾರೂ ಇಲ್ಲದ ಪಿಟ್ಟಿನ ಮುದುಕಿಗೂ ಒಂದೇ ಪಾಲು. ರಾಜನು ದುಷ್ಟನೆಂದು ಕಥೆ ಹೇಳುವುದಿಲ್ಲ. ಅವನು ಎಲ್ಲರಿಗೂ ಸಮನಾಗಿ ಹಾಕಿದ. ನಮ್ಮ ಬಯಲಿನಲ್ಲಿಯೂ ಹಾಗೆಯೇ ಆಗುತ್ತಿತ್ತು. 'ಒಂದು ಜಾಗಾಕ್ಕೆ ಇಷ್ಟು' ಎಂಬ ದರ. ಝಗಝಗಿಸುವ ದೀಪ ಹಚ್ಚಿ ಆಟಿಕೆ ಮಾರುವ ಅಂಗಡಿಗೂ ಅದೇ ದರ, ಬಾರಿಹಣ್ಣಿನ ಬುಟ್ಟಿಗೂ ಅದೇ ದರ. ಅಂಗಡಿಯವನು ಪಾವತಿ ಕೇಳಬಲ್ಲ, ಆದುದರಿಂದ ಅವನಿಂದ ಒಮ್ಮೆ ವಸೂಲು. ಬುಟ್ಟಿಯವರಿಂದ ಎರಡು ಬಾರಿ.

ಮಾಡುವ ಕಾಯಕವನ್ನು ಕೈಲಾಸಕ್ಕೆ ಸಮವೆಂದು ಶರಣರು ಕಂಡರು. ಈ ಮಾತನ್ನು ನಾವು ಗೋಡೆಯ ಮೇಲೆ ಬರೆಸುತ್ತೇವೆ, ವೇದಿಕೆಯಲ್ಲಿ ಆಡುತ್ತೇವೆ. ಆದರೆ ಅದನ್ನು ಕಷ್ಟಪಡುವವರ ಬಾಯಿ ಮುಚ್ಚಿಸಲು ಬಳಸಿದರೆ ಶರಣರಿಗೆ ದ್ರೋಹ ಬಗೆದಂತೆ. ಆ ತಾಯಿಯ ಕಾಯಕ ಪೂಜೆಯೇ ಆಗಿದ್ದರೆ ಅವರು ಕೂಡುವ ಮೂರಡಿ ನೆಲ ಪೂಜೆಯ ಜಾಗ. ಪೂಜೆಗೆ ಕೂತವರಿಂದ ದಿನಕ್ಕೆರಡು ಬಾರಿ ಸುಂಕ ಎತ್ತಿ, ಅದೇ ಹಣದಲ್ಲಿ ಒಳಗೆ ಇನ್ನೊಂದು ಪೂಜೆ ಮಾಡಿದ್ದೇವೆ.

ಪಟ್ಟಣಗಳಲ್ಲಿ ಕೂಡುವವರಿಗೆ ಈಗ ಕಾನೂನಿನ ಆಸರೆ ಇದೆ. ಅದು ಸುಮ್ಮನೆ ಬಂದದ್ದಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ 'ಸೇವಾ' ಸಂಘವನ್ನು ಕಟ್ಟಿದ ಇಳಾ ಭಟ್ ಅವರು ಮಾಣೆಕ್ ಚೌಕದ ತರಕಾರಿ ಮಾರುವ ಹೆಂಗಸರ ಜಾಗಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2022ರಲ್ಲಿ ಅವರು ಅಗಲಿದರು. ಬೀದಿಯಲ್ಲಿ ವ್ಯಾಪಾರ ಮಾಡುವುದು, ಸೂಕ್ತ ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನವು ಕೊಟ್ಟ ಹಕ್ಕೆಂದು ಅದೇ ನ್ಯಾಯಾಲಯ 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಕೊನೆಗೆ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ, ಇದ್ದ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಎಬ್ಬಿಸಲೇಬೇಕಾದರೆ 30 ದಿನಗಳ ನೋಟೀಸು ಕೊಡಬೇಕು. ಮಾಲು ಜಪ್ತಿ ಮಾಡಿದರೆ ಯಾದಿ ಕೊಡಬೇಕು. ಕೆಡುವ ಮಾಲನ್ನು ಕೇಳಿದ ದಿನವೇ, ಕೆಡದ ಮಾಲನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಆ ತಾಯಿಗೆ ಇದನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಗಾಡಿಯವ್ರಿಗೆ ಇದು ಗೊತ್ತೈತೇನ್ರಿ?"

ಗಡಿಯ ನಮ್ಮ ಜನರಿಗೆ ಇನ್ನೊಂದು ತೊಡಕಿದೆ. ಮಾರುವಾಗ ನಮ್ಮ ತಾಯಂದಿರು ಮರಾಠಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಚಟಪಟ ಮಾತನಾಡುತ್ತಾರೆ. ಆದರೆ ಕಾಗದ ಬಂದಾಗ ಮೂಕರಾಗುತ್ತಾರೆ. ಸಮೀಕ್ಷೆಯ ಹುಡುಗ ಬಂದ ಹೊತ್ತಿಗೆ ಆ ತಾಯಿ ಯಾರ್ಡಿಗೆ ಹೋಗಿದ್ದರು. ಪಕ್ಕದವರು ಇಟ್ಟುಕೊಂಡಿದ್ದ ಕಾಗದವನ್ನು ಯಾವುದೋ ಲಗ್ನಪತ್ರಿಕೆಯೆಂದು ತಿಳಿದು ಮಡಿಸಿಟ್ಟರು. ಆದುದರಿಂದ ಇದನ್ನು ಓದುವ ಭಕ್ತರು ತಮ್ಮ ಊರಿನ ಬುಟ್ಟಿಯ ತಾಯಂದಿರಿಗೆ ಹೇಳಿಡಬೇಕು: ಮಹಾರಾಷ್ಟ್ರದ ಕಾಗದದಲ್ಲಿ 'ಪಥವಿಕ್ರೇತಾ' ಅಥವಾ 'ಫೇರಿವಾಲಾ' ಎಂದಿದ್ದರೆ, ಆಂಧ್ರ, ತೆಲಂಗಾಣದಲ್ಲಿ 'ವೀಧಿ ವ್ಯಾಪಾರಿ' ಎಂದಿದ್ದರೆ, ತಮಿಳುನಾಡಿನಲ್ಲಿ 'ಸಾಲೈಯೋರ ವ್ಯಾಪಾರಿ' ಎಂದಿದ್ದರೆ, ಕಾಸರಗೋಡಿನಲ್ಲಿ 'ವಳಿಯೋರ ಕಚ್ಚವಡ' ಎಂದಿದ್ದರೆ, ಆ ಕಾಗದ ಅವರದೇ. ಅದನ್ನು ಎಸೆಯಬಾರದು. ಕೇಂದ್ರ ಸರ್ಕಾರವು 2020ರ ಜೂನ್‌ನಲ್ಲಿ ಆರಂಭಿಸಿದ ಸ್ವನಿಧಿ ಯೋಜನೆಯ ಸಾಲಕ್ಕೂ ಇಂಥ ಕಾಗದವೇ ದಾರಿ. ಜಾಮೀನು ಬೇಡ. ಮೊದಲ ಕಂತು ಆಗ 10,000 ಇತ್ತು, 2025ರಲ್ಲಿ 15,000ಕ್ಕೆ ಏರಿಸಿದ್ದಾರೆ. ವೇಳೆಗೆ ತೀರಿಸಿದವರಿಗೆ ಬಡ್ಡಿಯಲ್ಲಿ ನೂರಕ್ಕೆ 7ರಷ್ಟು ಸಹಾಯಧನ. 900 ರೂಪಾಯಿಗೆ ವರ್ಷಕ್ಕೆ 30,000 ಕಟ್ಟುವವರ ಪಾಲಿಗೆ ಇದು ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿರಿ.

ಆದರೆ ಆ ಕಾಯ್ದೆ ಪಟ್ಟಣಗಳದು. ಹಳ್ಳಿಯ ಸಂತೆಗೆ, ನಮ್ಮಂಥ ಮಠದ ಬಯಲಿಗೆ ಅದು ಬಂದು ಮುಟ್ಟುವುದಿಲ್ಲ. ಅಲ್ಲಿ ನಮ್ಮನ್ನು ಕೇಳುವವರು ಯಾರೂ ಇಲ್ಲ. ಈ ಮಾತನ್ನು ನಾವು 2023ರ ಕೊನೆಯಲ್ಲಿ ಆಡಳಿತ ಮಂಡಳಿಯ ಮುಂದಿಟ್ಟೆವು. ನೆಲದ ಮೇಲೆ ಬುಟ್ಟಿ ಇಟ್ಟು ಕೂಡುವವರಿಂದ ಏನೂ ತೆಗೆದುಕೊಳ್ಳಬಾರದು, ಪಾಲು ಹಾಕಿದ ಅಂಗಡಿಗಳಿಂದ ಮಠವೇ ಪಾವತಿ ಕೊಟ್ಟು ಬಾಡಿಗೆ ಎತ್ತಬೇಕು, ಹೆಂಗಸರಿಗೆ ಬೇರೆ ಶೌಚದ ಜಾಗ ಮಾಡಬೇಕು ಎಂದು ಬರೆದುಕೊಂಡು ಹೋಗಿದ್ದೆವು. ಚರ್ಚೆ ಸುಲಭವಾಗಿ ಮುಗಿಯಲಿಲ್ಲ. ಮಠದ ಉತ್ಪನ್ನ ಕಡಿಮೆಯಾದರೆ ದಾಸೋಹ ಹೇಗೆ ನಡೆಯಬೇಕು ಎಂದು ಹಿರಿಯರೊಬ್ಬರು ಕೇಳಿದರು. ಅದು ನಿಜವಾದ ಪ್ರಶ್ನೆ. ಮಹಾದ್ವಾರದ ಎದುರಿಗೇ ಶೌಚದ ತಗಡು ಕಾಣುವುದು ಶೋಭೆಯಲ್ಲ ಎಂದರು ಇನ್ನೊಬ್ಬರು. ಅಪ್ಪಗಳು ಎಲ್ಲವನ್ನೂ ಕೇಳಿ, ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದಾಗ ನೀರಿಗೆ ಬಂದವರಿಂದ ಎಷ್ಟು ತೆಗೆದುಕೊಳ್ಳುತ್ತಿದ್ದರು ಎಂದು ಇಷ್ಟೇ ಕೇಳಿದರು. ಠರಾವು ಪಾಸಾಯಿತು.

2024ರ ಜಾತ್ರೆಯಲ್ಲಿ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಆ ಬಾಬತ್ತಿನ ಜಮಾ ಅರ್ಧಕ್ಕೆ ಇಳಿಯಿತು. ತಗಡಿನ ಶೌಚದ ಮನೆಗೆ ಮೊದಲ ದಿನ ನೀರೇ ಇರಲಿಲ್ಲ, ಎರಡನೆಯ ದಿನ ಚಿಲಕ ಮುರಿಯಿತು. ಇಬ್ಬರು ಅಂಗಡಿಯವರು ತಮ್ಮ ಮಾಲನ್ನು ಹತ್ತು ಬುಟ್ಟಿಗಳಿಗೆ ತುಂಬಿ ತಾವೂ ಬುಟ್ಟಿಯವರೆಂದು ಕೂತರು. ಬುದ್ಧಿವಂತಿಕೆಗೆ ನಮ್ಮ ಸೀಮೆಯಲ್ಲಿ ಬರಗಾಲವಿಲ್ಲ. ಹಳೆಯ ಗುತ್ತಿಗೆದಾರರ ಹುಡುಗರು ಹಿಂದಿನ ರೂಢಿಯಂತೆ ಸುತ್ತಿ ಇಪ್ಪತ್ತು, ಮೂವತ್ತು ಎತ್ತಿಕೊಂಡು ಹೋದದ್ದು ನಮಗೆ ಗೊತ್ತಾದದ್ದು ಜಾತ್ರೆ ಮುಗಿದ ಮೇಲೆ. ದಾಸೋಹಕ್ಕೆ ಬಿದ್ದ ಕೊರತೆಯನ್ನು ಭಕ್ತರು ಜೋಳ, ಬೇಳೆ ತಂದು ತುಂಬಿದರು, ಪೂರ್ತಿಯಾಗಿ ಅಲ್ಲ.

ಇನ್ನೊಂದು ಮಾತು ಇಲ್ಲಿ ಕೂತಿರುವ ನಮ್ಮೆಲ್ಲರಿಗೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದವರು. ಅವರು ಮುನಿದಾಗ ಲಿಂಗವೇ ಹಗ್ಗ ಹೊತ್ತು ಮಾರಲು ಬೀದಿಗೆ ಹೋಯಿತೆಂದೂ, ಹೆಚ್ಚಿನ ಬೆಲೆ ತಂದಾಗ ಅವರು ಒಲ್ಲೆನೆಂದರೆಂದೂ ಶರಣರ ಕಥೆ ಹೇಳುತ್ತದೆ. ತಕ್ಕ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ಮಾರುವವರಿಗೆ ದೋಷವಾದರೆ, ತಕ್ಕ ಬೆಲೆಗಿಂತ ಕಡಿಮೆ ಕೊಡುವುದು ಕೊಳ್ಳುವವರಿಗೆ ಏನು? ನಾವು ದೊಡ್ಡ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ಮಾತಿಲ್ಲದೆ ಕೊಡುತ್ತೇವೆ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೆಂತ್ಯೆಯ ಸಿವುಡಿಗೆ ಎರಡು ರೂಪಾಯಿ ಇಳಿಸಿ, ಎದ್ದೇಳುವಾಗ ಕೊತ್ತಂಬರಿ ಪುಕ್ಕಟೆ ಕೇಳುತ್ತೇವೆ. ಅದರಲ್ಲಿಯೂ ಸಂಜೆ ಏಳರ ಮೇಲೆ, ಅವರಿಗೆ ಮನೆಗೆ ಹೋಗುವ ಆತುರವಿದೆಯೆಂದು ತಿಳಿದೇ ಹೋಗುತ್ತೇವೆ. ನಾವು ಎಂದಾಗ ಬರೆಯುತ್ತಿರುವ ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಈಗ ಪ್ರತಿ ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಠದ ಕಚೇರಿಯಲ್ಲಿ ಇಂಥ ಕಾಗದಗಳನ್ನು ಓದಿ ತುಂಬಿಕೊಡುವ ವ್ಯವಸ್ಥೆ ಮಾಡಿದ್ದೇವೆ. ಮರಾಠಿ ಶಾಲೆಯ ನಿವೃತ್ತ ಗುರುಗಳೊಬ್ಬರು ಬಂದು ಕೂಡುತ್ತಾರೆ. ಬರುವವರು ಆಧಾರ್, ಬ್ಯಾಂಕಿನ ಪುಸ್ತಕ, ಎರಡು ಫೋಟೋ, ಮತ್ತು ಎಂದಾದರೂ ಯಾರಾದರೂ ಕೊಟ್ಟ ದಂಡದ ಚೀಟಿಯೋ ಪಾವತಿಯೋ ಇದ್ದರೆ ಅದನ್ನೂ ತರಬೇಕು. ದಂಡದ ಚೀಟಿಯೂ ಅವರು ಅಲ್ಲಿ ಕೂಡುತ್ತಿದ್ದರೆಂಬುದಕ್ಕೆ ಸಾಕ್ಷಿಯೇ.

2025ರ ಜಾತ್ರೆಯ ಮೊದಲ ದಿನ ಬೆಳಿಗ್ಗೆ ಆ ತಾಯಿ ಮತ್ತೆ ಕಚೇರಿಗೆ ಬಂದರು. ಈ ಸಾರಿ ಒಳಗೆ ಬಂದು ಕೂತರು. "ರೊಕ್ಕಾ ತಗೊಳ್ಳೂದಿಲ್ಲ ಅಂತೀರಿ, ಚೊಲೋ ಆತು. ಆದ್ರ ಹುಡುಗ್ರು ಬಂದು ಕೇಳಿದ್ರ ಏನು ತೋರ್ಸಲಿ? ಪಾವತಿ ಕೊಡ್ರಿ" ಎಂದರು. ಹಣವೇ ತೆಗೆದುಕೊಳ್ಳದೆ ಪಾವತಿ ಬರೆಯುವುದನ್ನು ನಾವು ಯಾವ ಕಾಲೇಜಿನಲ್ಲಿಯೂ ಕಲಿತಿರಲಿಲ್ಲ. ಆದರೂ ಪಾವತಿ ಪುಸ್ತಕ ತೆಗೆದು 'ಬುಟ್ಟಿಯವರು, ನೆಲಬಾಡಿಗೆ ರೂ. 0' ಎಂದು ಬರೆದು, ಮಠದ ಶಿಕ್ಕಾ ಒತ್ತಿ ಕೊಟ್ಟೆವು. ಅವರಿಗೆ ಓದಲು ಬರುವುದಿಲ್ಲ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ನನ್ನ ಹೆಸರು ಐತೇನ್ರಿ?" ಎಂದು ಕೇಳಿದರು.

ಆ ಪಾವತಿಗೆ ಅಡ್ಡಗೆರೆ ಎಳೆದು ರದ್ದು ಮಾಡಿದೆವು. ಮುಂದಿನ ನಂಬರಿನ ಮೇಲೆ ಅವರನ್ನು ಕೇಳಿ ಕೇಳಿ ಮತ್ತೊಂದು ಬರೆದೆವು: ಹೆಸರು, ತಂದೆಯ ಹೆಸರು, ಊರು, ಮಾಲು ಬಾರಿಹಣ್ಣು ಮತ್ತು ಪೇರಲ, ರಕಮು ಸೊನ್ನೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಸಂಚಿಯಲ್ಲಿ ಇಟ್ಟುಕೊಂಡು ಹೋದರು. ಮಧ್ಯಾಹ್ನದೊಳಗೆ ಕಚೇರಿಯ ಮುಂದೆ ಬುಟ್ಟಿಯ ತಾಯಂದಿರ ಸರತಿ ನಿಂತಿತ್ತು. ಪಾವತಿ ಪುಸ್ತಕ ತೀರಿ ಇನ್ನೊಂದನ್ನು ತರಿಸಬೇಕಾಯಿತು.